ನೆತ್ತಿಯ ಎಣ್ಣೆ, ಬಿಳಿಯ ಕುಲಾವಿ

(ಶತಮಾನೋತ್ಸವದ ಅಂಗವಾಗಿ ನಡೆದ ತಂದೆತಾಯಂದಿರ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ಸಭಾಂಗಣದಲ್ಲಿ ಏರ್ಪಡಿಸಿರುವ ವಸ್ತುಪ್ರದರ್ಶನವನ್ನು ತಾವೆಲ್ಲರೂ ನೋಡಿರುತ್ತೀರಿ. ಹಳೆಯ ಪೂಜಾಪಾತ್ರೆಗಳು, ಲತೀನ್ ಪೂಜಾಗ್ರಂಥ, ಜರಿಯಂಚಿನ ಪೂಜಾವಸ್ತ್ರಗಳು ಇವುಗಳ ಸಾಲಿನ ಕೊನೆಯಲ್ಲಿ ಮಡಿಸಿಟ್ಟ ಒಂದು ಬಿಳಿಯ ಬಟ್ಟೆಯ ತುಂಡೂ ಅದರ ಪಕ್ಕದಲ್ಲಿ ಹಸುಗೂಸಿನ ಕುಲಾವಿಯೊಂದೂ ಇವೆ. ಪೂಜಾಪಾತ್ರೆಗಳ ಸಾಲಿನಲ್ಲಿ ಮಗುವಿನ ಟೊಪ್ಪಿಗೆಗೇನು ಕೆಲಸವೆಂದು ಹಲವರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಇಂದಿನ ಕೂಟಕ್ಕೆ ಬಂದಿರುವವರಲ್ಲಿ ಎಳೆಯ ಮಕ್ಕಳ ತಾಯಂದಿರೇ ಹೆಚ್ಚಾಗಿರುವುದರಿಂದ, ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವ ಸ್ವಾತಂತ್ರ್ಯವನ್ನು ತೆಗೆದುಕೊಳ್ಳುತ್ತೇನೆ.

ಎಣ್ಣೆ ಮತ್ತು ಕುಲಾವಿ, ಇವೆರಡರ ಸಂಬಂಧವನ್ನು ನಮ್ಮ ನಾಡಿನ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಕೂಸಿಗೆ ಎರೆದ ಮೇಲೆ ಮಿದುವಾದ ನೆತ್ತಿಗೆ ಎಣ್ಣೆಯೊತ್ತಿ, ಗಾಳಿ ತಾಗದಂತೆ ಕಿವಿ ಮುಚ್ಚುವ ಕುಲಾವಿ ಕಟ್ಟಿ, ಹೊದಿಸಿ ಮಲಗಿಸುವುದು ನಮ್ಮ ಮನೆಮನೆಯ ಪದ್ಧತಿ. ಮೊದಲು ನೀರು, ಅನಂತರ ಎಣ್ಣೆ, ಆಮೇಲೆ ಕುಲಾವಿ. ಧರ್ಮಸಭೆ ತನ್ನ ಜ್ಞಾನಸ್ನಾನದ ವಿಧಿಯಲ್ಲಿ ಅನುಸರಿಸಿಕೊಂಡು ಬಂದ ಕ್ರಮವೂ ಇದೇ ಎಂದರೆ ತಮಗೆ ಆಶ್ಚರ್ಯವಾಗಬಹುದು. ತಾಯಿಯಾದವಳು ಮಗುವಿಗೆ ಮಾಡುವುದನ್ನೇ ತಾಯಿಯಾದ ಧರ್ಮಸಭೆಯೂ ಮಾಡಿತು. ಆದರೆ ಅವಳು ಹಚ್ಚಿದ ಎಣ್ಣೆ ಬೇರೆ, ಕಟ್ಟಿದ ಕುಲಾವಿಯ ಅರ್ಥ ಬೇರೆ.

ಆದಿಕಾಲದಲ್ಲಿ ಜ್ಞಾನಸ್ನಾನ ಪಡೆಯುತ್ತಿದ್ದವರಲ್ಲಿ ವಯಸ್ಕರೇ ಬಹುಮಂದಿ. ಪಾಸ್ಖ ಹಬ್ಬದ ರಾತ್ರಿ ಅವರು ಹಳೆಯ ಉಡುಪನ್ನು ಕಳಚಿ ನೀರಿಗಿಳಿದು, ಮೇಲೇರಿ ಬಂದೊಡನೆ ತೈಲಾಭ್ಯಂಗವನ್ನು ಹೊಂದುತ್ತಿದ್ದರು. ಸ್ನಾನಾನಂತರದ ಈ ಅಭ್ಯಂಗವನ್ನು ಸುಮಾರು ಕ್ರಿ. ಶ. 200ರಲ್ಲಿ ಆಫ್ರಿಕದ ತೆರ್ತುಲಿಯನನು ಪ್ರಸ್ತಾಪಿಸಿದ್ದಾನೆ. ಬಳಿಕ ಬಿಳಿಯ ವಸ್ತ್ರ. ಜ್ಞಾನಸ್ನಾನ ಪಡೆದವರು ಕ್ರಿಸ್ತನನ್ನೇ ಧರಿಸಿಕೊಂಡವರೆಂದು ಸಂತ ಪೌಲರು ಗಲಾತ್ಯರಿಗೆ ಬರೆದದ್ದನ್ನು ಕಣ್ಣಿಗೆ ಕಾಣಿಸುವ ಸಂಕೇತವದು. ಎಂಟು ದಿನ ಆ ಬಿಳಿಯುಡುಪಿನಲ್ಲೇ ಇದ್ದು, ಪಾಸ್ಖದ ಮುಂದಿನ ಭಾನುವಾರ ಅದನ್ನು ಕಳಚುತ್ತಿದ್ದರು. ಇಂದು ದೈವಿಕ ಕರುಣೆಯ ಭಾನುವಾರವೆಂದು ನಾವು ಆಚರಿಸುವ ದಿನಕ್ಕೆ ಲತೀನಿನಲ್ಲಿ ಬಿಳಿಯುಡುಪಿನ ಭಾನುವಾರವೆಂಬ ಹೆಸರು ಬಂದದ್ದು ಈ ಕಾರಣದಿಂದ.

ಉಡುಪಿನ ಜೊತೆಗೆ ತಲೆಗೂ ಒಂದು ಬಟ್ಟೆಯಿತ್ತು. ಹಿಪ್ಪೋ ನಗರದ ಧರ್ಮಾಧ್ಯಕ್ಷರಾದ ಸಂತ ಅಗಸ್ಟೀನರು ಪಾಸ್ಖದ ಎಂಟನೆಯ ದಿನದ ಪ್ರಸಂಗವೊಂದರಲ್ಲಿ, ಈ ದಿನ ‘ಶಿಶುಗಳ’ ತಲೆಯ ಮೇಲಿನ ಮುಸುಕನ್ನು ತೆಗೆಯಬೇಕಾಗಿದೆ, ತೆರೆದ ತಲೆ ಸ್ವಾತಂತ್ರ್ಯದ ಗುರುತು ಎಂಬ ಅಭಿಪ್ರಾಯವನ್ನು ಹೇಳುತ್ತಾರೆ. ಅವರು ಶಿಶುಗಳೆಂದು ಕರೆದದ್ದು ಹೊಸದಾಗಿ ಜ್ಞಾನಸ್ನಾನ ಪಡೆದವರೆಲ್ಲರನ್ನೂ. ಗಡ್ಡ ಬಂದ ಗಂಡಸರೂ ಆ ವಾರದಲ್ಲಿ ಶಿಶುಗಳೇ! ರೋಮಿನಲ್ಲಿ ಸುಮಾರು 500ರ ಹೊತ್ತಿಗೆ ಯೊವಾನ್ನನೆಂಬ ಉಪಗುರುವು ಸೆನಾರಿಯುಸ್ ಎಂಬ ಗಣ್ಯ ವ್ಯಕ್ತಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ಕ್ರಿಸ್ಮ ತೈಲ ಹಚ್ಚಿದ ಮೇಲೆ ತಲೆಗೆ ನಾರುಮಡಿಯ ಬಟ್ಟೆಯನ್ನು ಹೊದಿಸುವುದೇಕೆಂದು ಕೇಳಿದ್ದಕ್ಕೆ ಆತನು ಕೊಡುವ ಕಾರಣ ಮನನಯೋಗ್ಯವಾದದ್ದು. ಹಳೆಯ ಒಡಂಬಡಿಕೆಯ ಯಾಜಕರು ತಲೆಗೆ ಪವಿತ್ರ ಮುಸುಕನ್ನು ಧರಿಸುತ್ತಿದ್ದರು. ಜ್ಞಾನಸ್ನಾನ ಪಡೆದವರು ರಾಜತ್ವಕ್ಕೂ ಯಾಜಕತ್ವಕ್ಕೂ ಅಭಿಷಿಕ್ತರು. ಆದ್ದರಿಂದ ಅವರಿಗೂ ಆ ಮುಸುಕು ಸಲ್ಲುತ್ತದೆ. ಆಫ್ರಿಕದ ಧರ್ಮಾಧ್ಯಕ್ಷರು ಮುಸುಕು ತೆಗೆಯುವುದರಲ್ಲಿ ಅರ್ಥ ಕಂಡರು, ರೋಮಿನ ಉಪಗುರು ಮುಸುಕು ಹಾಕುವುದರಲ್ಲಿ ಕಂಡನು. ಇಬ್ಬರ ಮಾತೂ ಸರಿ.

ಪೂರ್ವದ ಧರ್ಮಸಭೆಗಳಲ್ಲಿಯೂ ಇದೇ ಭಾವನೆ ಬೇರೆಬೇರೆ ರೂಪದಲ್ಲಿ ಕಾಣುತ್ತದೆ. ಬೈಜಾಂಟಿನ್ ವಿಧಿಯಲ್ಲಿ ಹಿಂದೆ ಕುಕೂಲಿಯನ್ ಎಂಬ ಶಿರೋವಸ್ತ್ರವನ್ನು ತೊಡಿಸುತ್ತಿದ್ದರು. ಎಂಟನೆಯ ದಿನ ಅಭಿಷೇಕಿಸಿದ ಅಂಗಗಳನ್ನು ತೊಳೆಯುವ ಪ್ರತ್ಯೇಕ ಪ್ರಾರ್ಥನೆಗಳು ಆ ವಿಧಿಯಲ್ಲಿವೆ. ಈಜಿಪ್ಟಿನ ಕೋಪ್ಟಿಕ್ ಸಭೆಯಲ್ಲಿಯೂ ಅಂತಿಯೋಕ್ಯದ ಸಿರಿಯನ್ ವಿಧಿಯಲ್ಲಿಯೂ ಮಗುವಿನ ತಲೆಗೆ ಕಿರೀಟವನ್ನೇ ಇಡುತ್ತಾರೆ. ಈ ಸಿರಿಯನ್ ವಿಧಿಯನ್ನು ಅನುಸರಿಸುವ ಮಲಂಕರ ಕಥೋಲಿಕರಿಗಾಗಿ ನಮ್ಮ ಪುತ್ತೂರಿನಲ್ಲಿಯೇ 2010ರಲ್ಲಿ ಧರ್ಮಪ್ರಾಂತ್ಯವೊಂದು ಸ್ಥಾಪಿತವಾಯಿತು. ದೂರದ ಮಾತೆಂದು ತಿಳಿಯಬೇಡಿ.

ನಮ್ಮ ಲತೀನ್ ವಿಧಿಯಲ್ಲಿ ಈ ಬಟ್ಟೆಗೆ ಇನ್ನೊಂದು ಕೆಲಸವೂ ಇತ್ತು. ಕ್ರಿಸ್ಮವೆಂಬುದು ಓಲಿವ್ ಎಣ್ಣೆಯಲ್ಲಿ ಸುಗಂಧದ ಅಂಟನ್ನು ಬೆರೆಸಿ ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರೇ ಪವಿತ್ರೀಕರಿಸುವ ತೈಲ. ಕ್ರಿಸ್ತನೆಂಬ ಹೆಸರಿನ ಅರ್ಥವೇ ಅಭಿಷಿಕ್ತನೆಂದು. ಹೆಸರೂ ಎಣ್ಣೆಯೂ ಒಂದೇ ಧಾತುವಿನಿಂದ ಬಂದವು. ಅಂತಹ ತೈಲ ಮಗುವಿನ ನೆತ್ತಿಯಿಂದ ಹರಿದು ಕಣ್ಣಿಗಿಳಿಯಬಾರದು, ಯಾರದೋ ಸೆರಗಿಗೆ ಒರೆಸಿಹೋಗಬಾರದು, ಅಜಾಗರೂಕರ ಕೈ ಅದಕ್ಕೆ ತಾಗಬಾರದು. ಆದಕಾರಣ ಕ್ರಿಸ್ಮದ ಮೇಲೆ ಬಟ್ಟೆ ಬಂತು, ಬಟ್ಟೆಗೆ ಕ್ರಿಸ್ಮದ ಹೆಸರೇ ಬಂತು. ಫ್ರಾನ್ಸಿನಲ್ಲಿ ಅದು ‘ಕ್ರೆಮೊ’, ಅಂದರೆ ಹಸುಗೂಸಿನ ತಲೆಗೆ ಸರಿಯಾಗಿ ಕೂಡುವ ಪುಟ್ಟ ನಾರುಮಡಿಯ ಟೊಪ್ಪಿಗೆ. ಇಂಗ್ಲೆಂಡಿನಲ್ಲಿ ‘ಕ್ರಿಸಮ್’. ಅಲ್ಲಿ ಅದು ತಲೆಯ ಬಟ್ಟೆಯಾಗಿದ್ದು, ಕಾಲಕ್ರಮದಲ್ಲಿ ಹಿಗ್ಗಿ, ಇಡೀ ಮಗುವನ್ನು ಸುತ್ತುವ ವಸ್ತ್ರವಾಯಿತು.

ಉಡುಪು ಕುಗ್ಗಿ ಟೊಪ್ಪಿಗೆಯಾದುದಕ್ಕೂ ಕಾರಣವುಂಟು. ನೀರಿನಲ್ಲಿ ಮುಳುಗಿಸುವ ಕ್ರಮ ಹೋಗಿ ತಲೆಗೆ ನೀರೆರೆಯುವ ಕ್ರಮ ಪಶ್ಚಿಮದಲ್ಲಿ ಬಳಕೆಗೆ ಬಂದ ಮೇಲೆ ಮಗುವಿನ ಬಟ್ಟೆ ಬಿಚ್ಚುವ ಅಗತ್ಯವಿರಲಿಲ್ಲ. ಆ ದಿನಗಳ ಯೂರೋಪಿನಲ್ಲಿ ಎಳೆಗೂಸನ್ನು ಕೈಕಾಲು ಅಲುಗದಂತೆ ಪಟ್ಟಿಗಳಿಂದ ಸುತ್ತಿಡುತ್ತಿದ್ದರು. ಗುರುವಿನ ಕೈಗೆ ಸಿಗುತ್ತಿದ್ದುದು ತಲೆಯೊಂದೇ. 1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ಹೊರಡಿಸಿದ ರೋಮನ್ ವಿಧಿಗ್ರಂಥ ಇದನ್ನು ನೇರವಾಗಿಯೇ ಹೇಳಿತು: ಬಿಳಿಯ ಉಡುಪಿಗೆ ಬದಲಾಗಿ ಮಗುವಿನ ತಲೆಯ ಮೇಲೆ ಸಣ್ಣದೊಂದು ಬಿಳಿಯ ನಾರುಬಟ್ಟೆಯನ್ನಿಡಬೇಕು. ಕ್ರಿಸ್ಮ ಹಚ್ಚಿದ ಜಾಗವನ್ನು ಹತ್ತಿಯಿಂದ ಒರೆಸಿ, ಆ ಬಟ್ಟೆಯನ್ನಿಟ್ಟು, ಲತೀನಿನ ಮಂತ್ರವನ್ನು ಹೇಳಿ, ಅನಂತರ ಉರಿಯುವ ಮೇಣದ ಬತ್ತಿಯನ್ನು ಜ್ಞಾನತಂದೆಯ ಕೈಗೆ ಕೊಡುತ್ತಿದ್ದರು. ಮೂರೂವರೆ ಶತಮಾನಗಳ ಕಾಲ ರೋಮಿನಲ್ಲಿಯೂ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿಯೂ ನಡೆದದ್ದು ಅದೇ. ಈ ಸಭೆಯಲ್ಲಿ ಅರವತ್ತು ದಾಟಿ, ಕಥೋಲಿಕ ಮನೆಯಲ್ಲಿ ಹುಟ್ಟಿದವರಿಗೆಲ್ಲ ನನಗೆ ಇಟ್ಟಂತೆಯೇ ತಲೆಯ ಮೇಲೆ ಆ ಬಟ್ಟೆಯನ್ನಿಟ್ಟಿರಬೇಕು. ಯಾರಿಗೂ ನೆನಪಿರಲಾರದು, ಅಳುತ್ತಿದ್ದೆವು.

ಈಗ ನಾನು ಮುಖ್ಯವೆಂದು ಎಣಿಸುವ ಮಾತಿಗೆ ಬರುತ್ತೇನೆ. ಆ ಬಟ್ಟೆ ಯಾರ ಸ್ವತ್ತು?

ಮಧ್ಯಯುಗದ ಇಂಗ್ಲೆಂಡಿನ ಸಂಪ್ರದಾಯವನ್ನು ನೋಡಿ. ಬಾಣಂತಿಯು ಸುಮಾರು ಒಂದು ತಿಂಗಳ ಬಳಿಕ ಶುದ್ಧೀಕರಣದ ಪ್ರಾರ್ಥನೆಗಾಗಿ ಚರ್ಚಿಗೆ ಬರುವಾಗ ಕ್ರಿಸಮ್ ಬಟ್ಟೆಯನ್ನು ತಂದು ಒಪ್ಪಿಸಬೇಕಾಗಿತ್ತು. ಮಾತೆ ಮರಿಯಮ್ಮನವರು ನಲವತ್ತನೆಯ ದಿನ ಬಾಲಯೇಸುವನ್ನು ಎತ್ತಿಕೊಂಡು ಮಹಾದೇವಾಲಯಕ್ಕೆ ಹೋದದ್ದನ್ನು ಸ್ಮರಿಸುವ ಪ್ರಾರ್ಥನೆಯದು. ನಮ್ಮ ಹಿರಿಯ ತಾಯಂದಿರಿಗೂ ಅದರ ಪರಿಚಯವಿದೆ. ಹಾಗೆ ಬಂದ ಬಟ್ಟೆಗಳನ್ನು ದೇವಾಲಯದ ಉಪಯೋಗಕ್ಕಲ್ಲದೆ ಬೇರೆ ಯಾವ ಲೌಕಿಕ ಬಳಕೆಗೂ ತಿರುಗಿಸಕೂಡದೆಂದು 13ನೆಯ ಶತಮಾನದ ಇಂಗ್ಲೆಂಡಿನ ಧರ್ಮಸಭೆಯ ನಿಯಮಗಳಲ್ಲಿದೆ. ಎಂದರೆ, ಜಮೀನ್ದಾರನ ಮಗನ ನೆತ್ತಿಯ ಮೇಲಿದ್ದುದೂ ಕುರಿಕಾಯುವವನ ಮಗಳ ನೆತ್ತಿಯ ಮೇಲಿದ್ದುದೂ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. ಕ್ರಿಸ್ಮದ ಬಟ್ಟೆ ಯಾವ ಮನೆಯ ಬೀರುವಿಗೂ ಸೇರತಕ್ಕದ್ದಲ್ಲ.

ಆದರೆ ತಾಯಿ ಅದನ್ನು ಹಿಂದಿರುಗಿಸಬೇಕಾಗಿಲ್ಲದ ಒಂದು ಸಂದರ್ಭವಿತ್ತು. ಆ ತಿಂಗಳೊಳಗೆ ಮಗು ತೀರಿಕೊಂಡರೆ ಅದೇ ಬಿಳಿಯ ಬಟ್ಟೆಯಲ್ಲಿ ಸುತ್ತಿ ಮಣ್ಣುಮಾಡುತ್ತಿದ್ದರು. ಕುಲಾವಿಯೇ ಶವವಸ್ತ್ರವಾಗುತ್ತಿತ್ತು. ಅಂತಹ ಮಕ್ಕಳಿಗೆ ‘ಕ್ರಿಸಮ್ ಕೂಸು’ ಎಂಬ ಹೆಸರೇ ಬಿತ್ತು. ಸರ್ರೆ ಪ್ರಾಂತದ ಸ್ಟೋಕ್ ಡಾಬರ್ನನ್ ಚರ್ಚಿನಲ್ಲಿ 1516ರಲ್ಲಿ ತೀರಿಕೊಂಡ ಎಲೆನ್ ಬ್ರೇ ಎಂಬ ಕೂಸಿನ ಹಿತ್ತಾಳೆಯ ಫಲಕವಿದೆ. ಮೈತುಂಬ ಸುತ್ತಿದ ಬಟ್ಟೆ, ಹಣೆಯ ಮೇಲಿನ ಪಟ್ಟಿಯಲ್ಲೊಂದು ಶಿಲುಬೆ. ಬಕಿಂಗ್‌ಹ್ಯಾಮ್‌ಷೈರಿನ ಚೆಶಮ್ ಬಾಯ್ಸ್ ಚರ್ಚಿನಲ್ಲಿ ಸುಮಾರು 1520ರ ಇನ್ನೊಂದು ಫಲಕ. ಬೆನೆಡಿಕ್ಟ್ ಲೀ ಎಂಬ ಆ ಮಗುವಿನ ಹೆಸರಿನ ಮುಂದೆ ಕ್ರಿಸಮ್ ಎಂಬ ಮಾತನ್ನೇ ಕೆತ್ತಿದ್ದಾರೆ. ಕೆಲವು ದಿನಗಳಷ್ಟೇ ಬದುಕಿದ ಮಗುವಿಗೆ ಬೇರೆ ಬಿರುದು ಏನಿದ್ದೀತು? ಇದ್ದ ಒಂದೇ ಬಿರುದನ್ನು ಬರೆಯಿಸಿದರು. ಶೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದಲ್ಲಿ ಹೋಟೆಲಿನ ಹೆಂಗಸು ಮುದುಕ ಫಾಲ್‌ಸ್ಟಾಫನ ಮರಣವನ್ನು ವರ್ಣಿಸುತ್ತ, ಆ ಜೀವಮಾನದ ಪೋಕರಿಯು ಕ್ರಿಸಮ್ ಕೂಸಿನಂತೆ ಹೋದನೆನ್ನುತ್ತಾಳೆ. ಶಾಂತವಾದ, ನಿಷ್ಕಳಂಕವಾದ ಸಾವಿಗೆ ಆ ಜನರಿಗೆ ಹೊಳೆದ ಹೋಲಿಕೆ ಅದು.

ಲಂಡನ್ನಿನ ಮರಣಪಟ್ಟಿಗಳಲ್ಲಿ ಈ ಮಾತು ಬಹಳ ಕಾಲ ಉಳಿಯಿತು. ಜಾನ್ ಗ್ರಾಂಟ್ ಎಂಬಾತನು 1662ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ 1632ರ ಪಟ್ಟಿಯನ್ನು ಕೊಟ್ಟಿದ್ದಾನೆ. ಆ ವರ್ಷ ಲಂಡನ್ನಿನಲ್ಲಿ ಮಣ್ಣಾದವರು 9,535. ಅವರಲ್ಲಿ ‘ಕ್ರಿಸಮ್ ಕೂಸುಗಳು ಮತ್ತು ಶಿಶುಗಳು’ ಎಂಬ ಸಾಲಿನ ಎದುರಿಗಿರುವ ಅಂಕಿ 2,268. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಆ ಹೊತ್ತಿಗೆ ಇಂಗ್ಲೆಂಡಿನ ಸಭೆ ಕ್ರಿಸ್ಮವನ್ನೂ ಅದರ ಬಟ್ಟೆಯನ್ನೂ ಬಿಟ್ಟು ಎಂಬತ್ತು ವರ್ಷಗಳಾಗಿದ್ದವು. 1549ರ ಅವರ ಪ್ರಾರ್ಥನಾಗ್ರಂಥದಲ್ಲಿ ಬಿಳಿಯ ಬಟ್ಟೆಯೂ ತೈಲವೂ ಇದ್ದವು, ತಾಯಿ ಬಟ್ಟೆಯನ್ನು ಒಪ್ಪಿಸಬೇಕೆಂಬ ಮಾತೂ ಇತ್ತು. 1552ರ ಗ್ರಂಥದಲ್ಲಿ ಮೂರೂ ಇಲ್ಲ. ಬಟ್ಟೆ ಹೋಯಿತು, ಹೆಸರು ಮಾತ್ರ ಸತ್ತ ಮಕ್ಕಳ ಪಟ್ಟಿಯಲ್ಲಿ ಉಳಿಯಿತು. ಬರಬರುತ್ತ ಆ ಹೆಸರನ್ನು ಜ್ಞಾನಸ್ನಾನವಾಗದೆ ತೀರಿಕೊಂಡ ಮಕ್ಕಳಿಗೂ ಹೇಳತೊಡಗಿದರು. ಮೂಲಾರ್ಥಕ್ಕೆ ನೇರ ವಿರುದ್ಧ! ಪದಗಳ ಹಣೆಬರಹ ಹೀಗೂ ಇರುತ್ತದೆ.

ಲಂಡನ್ನಿನ ಅಂಕಿಗಳನ್ನು ಓದಿ ದೂರದ ದೇಶದ ಕಥೆಯೆಂದು ತಿಳಿಯಬೇಡಿರಿ. ನಮ್ಮ ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ಈ ಶತಮಾನೋತ್ಸವಕ್ಕಾಗಿ ನಾನು ಪುಟಪುಟವಾಗಿ ತಿರುವಿ ಹಾಕಿದೆ. ಜ್ಞಾನಸ್ನಾನದ ಪುಸ್ತಕದಲ್ಲಿ ಕಂಡ ಹೆಸರು, ಕೆಲವೇ ದಿನಗಳ ಅಂತರದಲ್ಲಿ, ಶವಸಂಸ್ಕಾರದ ಪುಸ್ತಕದಲ್ಲಿಯೂ ಕಾಣುತ್ತದೆ. ಒಂದಲ್ಲ, ಎರಡಲ್ಲ. ಲತೀನ್ ಅಕ್ಷರಗಳಲ್ಲಿ ಒಂದೇ ಸಾಲು. ಕೆಳಗೆ ಗುರುಗಳ ಸಹಿ. ಸಮಾಧಿಭೂಮಿಯಲ್ಲಿ ಅವರ ಗುರುತಿಗೆ ಕಲ್ಲೂ ಇಲ್ಲ. ನಮ್ಮಲ್ಲಿ ಹಿತ್ತಾಳೆ ಫಲಕ ಮಾಡಿಸುವ ಅನುಕೂಲ ಯಾರಿಗಿತ್ತು? ಆದರೆ ಶತಮಾನದ ಇತಿಹಾಸವನ್ನು ಬರೆಯುವಾಗ ಗೋಪುರ ಕಟ್ಟಿಸಿದವರನ್ನೂ ಗಂಟೆ ದಾನ ಮಾಡಿದವರನ್ನೂ ಸ್ಮರಿಸುವ ನಾವು, ಈ ಧರ್ಮಕೇಂದ್ರದಿಂದ ಎಲ್ಲರಿಗಿಂತ ಮುಂಚೆ ಸ್ವರ್ಗಕ್ಕೆ ಸೇರಿದ ಈ ಚಿಕ್ಕವರನ್ನು ಮರೆಯುವುದು ಸರಿಯಲ್ಲ. ಬಿಳಿಯ ಬಟ್ಟೆ ಮಾಸುವ ಮೊದಲೇ ಹೋದವರು ಅವರು.

ಜ್ಞಾನಸ್ನಾನಕ್ಕೆ ಮುಂಚೆಯೇ ಮಗುವನ್ನು ಕಳೆದುಕೊಂಡ ತಾಯಂದಿರೂ ನಮ್ಮ ನಡುವೆ ಇದ್ದಾರೆ. ಅವರ ಎದುರಿನಲ್ಲಿ ನಾನು ಇಷ್ಟು ಮಾತನಾಡಿ, ಅವರ ವಿಷಯವನ್ನು ಬಿಟ್ಟುಬಿಟ್ಟರೆ ಕಠಿಣಹೃದಯನಾದೇನು. ‘ಲಿಂಬೋ’ ಎಂಬ ಮಾತನ್ನು ಕೇಳಿ ಕಂಗಾಲಾದ ಮನೆಗಳನ್ನು ನಾನು ಬಲ್ಲೆ. ಅದು ದೈವಶಾಸ್ತ್ರಜ್ಞರಲ್ಲಿ ಬಳಕೆಯಲ್ಲಿದ್ದ ಅಭಿಪ್ರಾಯ. ಧರ್ಮಸಭೆ ಅದನ್ನು ವಿಶ್ವಾಸದ ಸತ್ಯವೆಂದು ಎಂದೂ ಘೋಷಿಸಿಲ್ಲ. ಅಂತಹ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆಂದು ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳ ಒಪ್ಪಿಗೆಯೊಡನೆ 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗದ ಲೇಖನವೂ ಅವರ ರಕ್ಷಣೆಯನ್ನು ನಿರೀಕ್ಷಿಸಲು ಗಟ್ಟಿಯಾದ ಆಧಾರಗಳಿವೆಯೆಂದು ವಿವರಿಸಿತು. ನಿರೀಕ್ಷೆಯೆಂಬುದು ಕ್ರೈಸ್ತರ ಬಾಯಲ್ಲಿ ಹಗುರವಾದ ಮಾತಲ್ಲ. ಇದರಿಂದ ಜ್ಞಾನಸ್ನಾನದ ಅವಶ್ಯಕತೆ ಕಡಿಮೆಯಾಗಲಿಲ್ಲವೆಂಬುದನ್ನೂ ಆ ಲೇಖನವೇ ಹೇಳುತ್ತದೆ.

ಬಟ್ಟೆಯ ಕಥೆಯ ಉಳಿದ ಭಾಗವನ್ನು ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ತೈಲ ನಿಂತುಹೋದ ಬಳಿಕವೂ ತಾಯಂದಿರು ಜ್ಞಾನಸ್ನಾನಕ್ಕೆ ಹೊಸ ಟೊಪ್ಪಿಗೆ ತೊಡಿಸುವುದನ್ನು ಬಿಡಲಿಲ್ಲ. 18ನೆಯ ಶತಮಾನದ ಅಂತಹ ಕುಲಾವಿಗಳು ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳಲ್ಲಿ ‘ಹಾಲಿ ಪಾಯಿಂಟ್’ ಎಂಬ ಸೂಜಿಯ ಕಸೂತಿಯಿದೆ. ಪಾರಿವಾಳ, ಕಿರೀಟ, ಕುಂಡದಲ್ಲಿನ ಹೂ, ಕೆಲವೊಮ್ಮೆ ಇಸವಿ. ಒಂದು ಸಂಗತಿ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಆ ಕಸೂತಿಯ ದುಂಡನೆಯ ಬಿಲ್ಲೆಯನ್ನು ಹೊಲಿಯುತ್ತಿದ್ದುದು ಟೊಪ್ಪಿಗೆಯ ನೆತ್ತಿಯಲ್ಲಿ, ಹಿಂದೆ ಕ್ರಿಸ್ಮ ಹಚ್ಚುತ್ತಿದ್ದ ಜಾಗದ ಮೇಲೆಯೇ. ವಿಧಿ ಮರೆತರೂ ಸೂಜಿ ಮರೆಯಲಿಲ್ಲವೆಂದು ನಾನು ಎಣಿಸಿಕೊಳ್ಳುತ್ತೇನೆ. ಪಂಡಿತರು ಒಪ್ಪದಿದ್ದರೆ ಜಗಳವಿಲ್ಲ.

19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಏರ್‌ಷೈರಿನ ಬಿಳಿಯ ಕಸೂತಿ ಪ್ರಸಿದ್ಧವಾಯಿತು. ತೆಳುವಾದ ಹತ್ತಿಯ ಮಸ್ಲಿನ್ ಬಟ್ಟೆಯ ಮೇಲೆ ಬಿಳಿಯ ದಾರ. ಈ ಮಸ್ಲಿನ್ ಎಂಬುದು ಮೊದಲು ನಮ್ಮ ಬಂಗಾಳದ ನೇಕಾರರ ಕೀರ್ತಿ. ಅದನ್ನು ಅನುಕರಿಸಿ ಸ್ಕಾಟ್ಲೆಂಡಿನ ಗಿರಣಿಗಳು ನೇಯತೊಡಗಿದವು. ಏರ್ ಪಟ್ಟಣದ ಜೇಮಿಸನ್ ಎಂಬ ಹೆಂಗಸು ಈ ಉದ್ಯೋಗವನ್ನು ಬೆಳೆಸಿದಳು; ಹಳ್ಳಿಯ ಬಡ ಹೆಂಗಸರು ಮನೆಯಲ್ಲೇ ಕುಳಿತು ಕೂಲಿಗಾಗಿ ಕಸೂತಿ ಹಾಕಿದರು. 1861ರಿಂದ 1865ರ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಯ ಅಭಾವ ಬಂದು ಆ ಉದ್ಯೋಗ ಕುಸಿಯಿತು. ಉದ್ದನೆಯ ನಿಲುವಂಗಿಯೂ ಅದಕ್ಕೊಪ್ಪುವ ಟೊಪ್ಪಿಗೆಯೂ ಮಾತ್ರ ಲೋಕವೆಲ್ಲ ಹರಡಿದವು. ವಿಕ್ಟೋರಿಯ ರಾಣಿಯ ಹಿರಿಯ ಮಗಳಿಗಾಗಿ 1841ರಲ್ಲಿ ಮಾಡಿಸಿದ ಜಾಲರಿಯ ನಿಲುವಂಗಿಯನ್ನು ಆ ರಾಜಮನೆತನದ ಮಕ್ಕಳಿಗೆ 2004ರವರೆಗೂ ತೊಡಿಸಿ, ಜೀರ್ಣವಾದ ಮೇಲೆ ಅದರಂತೆಯೇ ಇನ್ನೊಂದನ್ನು ಮಾಡಿಸಿದರು. ಈಗ ನಮ್ಮ ಅಂಗಡಿಗಳಲ್ಲಿ ಜ್ಞಾನಸ್ನಾನದ ಉಡುಪೆಂದು ಮಾರುವ ಜಾಲರಿಯ ಫ್ರಾಕು, ರಿಬ್ಬನ್ನಿನ ಟೊಪ್ಪಿಗೆಗಳು ಆ ವಂಶದವು. ಅವು ಬಂದದ್ದು ಗಣ್ಯರ ಮನೆಯ ದಾರಿಯಿಂದ.

ಇಲ್ಲಿ ನಿಮ್ಮ ಗುರುವಾಗಿ ಒಂದು ಮಾತನ್ನು ಬಿಚ್ಚಿ ಹೇಳುತ್ತೇನೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ 1969ರಲ್ಲಿ ಬಂದ ಶಿಶುಗಳ ಜ್ಞಾನಸ್ನಾನದ ಹೊಸ ವಿಧಿಯಲ್ಲಿ ನೆತ್ತಿಗೆ ಕ್ರಿಸ್ಮ ಹಚ್ಚಿದೊಡನೆ ಬಿಳಿಯ ವಸ್ತ್ರವನ್ನು ತೊಡಿಸುವ ಕ್ರಮವಿದೆ. ಅಂಗೈಯಗಲದ ಬಟ್ಟೆಯ ಬದಲು ನಿಜವಾದ ಉಡುಪಿಗೇ ಮರಳಬೇಕೆಂಬುದು ಅದರ ಆಶಯ. ನಾವು ಮಾಡುತ್ತಿರುವುದೇನು? ಮನೆಯಿಂದಲೇ ಮಗುವಿಗೆ ಬಿಳಿಯ ಉಡುಪು, ಬಿಳಿಯ ಟೊಪ್ಪಿಗೆ ಎಲ್ಲವನ್ನೂ ತೊಡಿಸಿ, ಭಾವಚಿತ್ರ ತೆಗೆಸಿಕೊಂಡು ಬರುತ್ತೇವೆ. ಎಣ್ಣೆ ಹಚ್ಚಲು ಟೊಪ್ಪಿಗೆಯನ್ನು ಬಿಚ್ಚಿರೆಂದರೆ ಗಂಟು ಬಿಚ್ಚುವುದಿಲ್ಲ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂದು ಇತರರನ್ನು ನಗುವ ನಾವು, ಹೊಸ ಜನ್ಮವಾಗುವ ಮೊದಲೇ ಅದರ ಕುಲಾವಿಯನ್ನು ಕಟ್ಟಿ ತರುತ್ತಿದ್ದೇವೆ.

ಇದು ನಗುವ ಮಾತು. ನಗಲಾಗದ ಮಾತು ಇನ್ನೊಂದಿದೆ. ಹಳೆಯ ದಾಖಲೆ ಪುಸ್ತಕದಲ್ಲಿ ಹುಟ್ಟಿದ ದಿನಕ್ಕೂ ಜ್ಞಾನಸ್ನಾನದ ದಿನಕ್ಕೂ ನಡುವೆ ಕೆಲವೇ ದಿನಗಳಿರುತ್ತಿದ್ದವು. ಈಗಿನ ಪುಟಗಳಲ್ಲಿ ತಿಂಗಳುಗಳಿವೆ, ಕೆಲವು ಕಡೆ ವರ್ಷವೇ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆ ಹುಟ್ಟಿದ ಮೊದಲ ವಾರಗಳಲ್ಲಿಯೇ ಆಗಲೆಂದು ತಂದೆತಾಯಂದಿರಿಗೆ ವಿಧಿಸಿದೆ. ವಿದೇಶದಲ್ಲಿರುವ ಜ್ಞಾನತಂದೆ ಬರಲೆಂದು ಕಾಯುವವರಿದ್ದಾರೆ. ಅವರಿಗೆ ನಾನು ಬೇರೆಯಾಗಿ ಹೇಳಿಕೊಳ್ಳುತ್ತೇನೆ. ಆದರೆ ಕೂಲಿ ಮಾಡಿ ಬದುಕುವ ತಾಯಿಯೊಬ್ಬಳು, ‘ಸ್ವಾಮಿ, ಮಗುವಿಗೆ ಆ ಉಡುಪು ತರಲು ಇನ್ನೂ ದುಡ್ಡು ಕೂಡಿಲ್ಲ’ ಎಂದು ತಲೆತಗ್ಗಿಸಿ ಹೇಳಿದಾಗ ನನಗೆ ತಡೆಯಲಾರದಷ್ಟು ಸಂಕಟವಾಯಿತು. ಧರ್ಮಸಭೆ ಎಲ್ಲ ಮಕ್ಕಳಿಗೂ ಸಮಾನವೆಂದು ಹೊದಿಸಿದ ಬಟ್ಟೆ, ಇಂದು ಬಡವರ ಮಗುವನ್ನು ಜ್ಞಾನಸ್ನಾನದ ತೊಟ್ಟಿಯಿಂದ ದೂರ ನಿಲ್ಲಿಸಿತಲ್ಲ! ಅಂಥ ಉಡುಪನ್ನು ಯಾವ ವಿಧಿಗ್ರಂಥವೂ ಕೇಳಿಲ್ಲ. ಮನೆಯಲ್ಲಿ ಒಗೆದ ಬಿಳಿಯ ಬಟ್ಟೆ ಯಾವುದಾದರೂ ಸಾಕು.

ಈ ವಿಷಯವನ್ನು ನಮ್ಮ ಮಹಿಳಾ ಸಂಘದವರೊಡನೆ ಚರ್ಚಿಸಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ತೆಳುವಾದ ಬಿಳಿಯ ಹತ್ತಿಯ ಬಟ್ಟೆಯಲ್ಲಿ ಸರಳವಾದ ಮೇಲುಡುಪುಗಳನ್ನೂ ಕುಲಾವಿಗಳನ್ನೂ ಅವರು ಹೊಲಿದು ಕೊಟ್ಟಿದ್ದಾರೆ. ಎಲ್ಲವೂ ಒಂದೇ ಮಾದರಿ. ಕಸೂತಿ ಬೇಡವೆಂದು ನಾನೇ ಕೇಳಿಕೊಂಡೆ, ಒಂದು ಚಿಕ್ಕ ಶಿಲುಬೆಯನ್ನು ಮಾತ್ರ ಹಾಕಿದ್ದಾರೆ. ಅವನ್ನು ಪೂಜಾವಸ್ತ್ರಗಳ ಕೋಣೆಯಲ್ಲಿ ಎಡಗಡೆಯ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದೆ. ಬೇಕಾದವರು, ಉಳ್ಳವರಾಗಲಿ ಇಲ್ಲದವರಾಗಲಿ, ಉಪದೇಶಿಯವರಿಗೆ ಒಂದು ಮಾತು ತಿಳಿಸಿದರೆ ಸಾಕು. ಹಣವಿಲ್ಲ, ಹೆಸರು ಬರೆಯಿಸಬೇಕಾಗಿಲ್ಲ. ತಾಯಿ ಮುಂದಿನ ಸಲ ಪೂಜೆಗೆ ಬರುವಾಗ ಒಗೆದು ಹಿಂದಿರುಗಿಸಬೇಕು. ಮಗುವನ್ನು ಕರೆತರುವ ದಿನ ತಲೆಗೆ ಏನನ್ನೂ ಕಟ್ಟದೆ, ಚಳಿಯಿದ್ದರೆ ಸೆರಗು ಹೊದಿಸಿಕೊಂಡು ಬನ್ನಿ. ಕುಲಾವಿಯನ್ನು ಜ್ಞಾನತಾಯಿಯ ಕೈಯಲ್ಲಿ ಕೊಟ್ಟಿರಿ, ಎಣ್ಣೆಯಾದ ಮೇಲೆ ನಾನು ಕೇಳಿ ಪಡೆಯುತ್ತೇನೆ. ಬರುವ ತಿಂಗಳ ಮೊದಲನೆಯ ಭಾನುವಾರ ಎರಡನೆಯ ಪೂಜೆಯಲ್ಲಿ ಜ್ಞಾನಸ್ನಾನವಿದೆ. ಮೂರು ಮಕ್ಕಳ ಹೆಸರು ಈಗಾಗಲೇ ಬಂದಿದೆ.